ಕುಡಿತ ಮತ್ತು ಮುಟ್ಟು: ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಡಿ

ನಾನು ಮೈಸೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಮುಟ್ಟಿನ ನೋವಿಗೆ ಮಾತ್ರೆ ಕೇಳಲು ಬರುವ ಹುಡುಗಿಯರು ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಕೇಳುತ್ತಾರೆ: "ಅಕ್ಕ, ರಾತ್ರಿ ಪಾರ್ಟಿ ಇದೆ. ಇದನ್ನು ತಗೊಂಡು ಕುಡಿಯಬಹುದಾ?"

ಬೇಡ. ಮುಟ್ಟಿನ ನೋವಿಗೆ ಕೊಡುವ ಮೆಫ್ಟಾಲ್ ಸ್ಪಾಸ್ ಮಾತ್ರೆಯಲ್ಲಿ ಎರಡು ಔಷಧಿ ಇವೆ. ಮೆಫೆನಾಮಿಕ್ ಆ್ಯಸಿಡ್ ಹೊಟ್ಟೆಯ ಒಳಪದರಕ್ಕೆ ತೊಂದರೆ ಕೊಡಬಲ್ಲದು. ಅದರ ಜೊತೆ ಮದ್ಯ ಸೇರಿದರೆ ಹುಣ್ಣು, ರಕ್ತಸ್ರಾವದ ಅಪಾಯ ಜಾಸ್ತಿ. ಡೈಸೈಕ್ಲೋಮಿನ್ ತಲೆಸುತ್ತು, ಮಂಪರು ತರಬಹುದು. ಕುಡಿದರೆ ಅದೂ ಹೆಚ್ಚುತ್ತದೆ. ಮಾತ್ರೆ ಬೇಕೇ ಬೇಕು ಅನ್ನುವಷ್ಟು ನೋವಿದ್ದರೆ ಆ ದಿನ ಡ್ರಿಂಕ್ಸ್ ಬಿಡಿ, ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ: "ಕುಡಿದಿದ್ದಕ್ಕೇ ಡೇಟ್ ಮುಂದೆ ಹೋಯಿತಾ?" ಯಾವಾಗಲೋ ಒಂದು ಗ್ಲಾಸ್ ಕುಡಿದಿದ್ದಕ್ಕೆ ಹಾಗಾಗುವುದು ಕಡಿಮೆ. ಆದರೆ ಪದೇಪದೇ ಜಾಸ್ತಿ ಕುಡಿದರೆ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನ್ ಸಂದೇಶ ಏರುಪೇರಾಗುತ್ತದೆ. ಈಸ್ಟ್ರೋಜೆನ್ ಮಟ್ಟವೂ ಬದಲಾಗಬಹುದು. ಅಂಡ ಬಿಡುಗಡೆ ತಡವಾದರೆ ಮುಟ್ಟೂ ತಡ. ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತದೆ.

ನಿಮ್ಮ ವಿಷಯದಲ್ಲಿ ಏನಾಗುತ್ತಿದೆ ಅಂತ ತಿಳಿಯಲು ಮೂರು ತಿಂಗಳು ಬರೆದಿಡಿ. ಮುಟ್ಟು ಶುರುವಾದ ದಿನವೇ ಮೊದಲ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ದೊಡ್ಡವರಲ್ಲಿ 21ರಿಂದ 35 ದಿನ ಸಾಮಾನ್ಯ. ಸ್ರಾವ ಎಷ್ಟು, ನೋವು ಎಷ್ಟು, ನಿದ್ದೆ ಹೇಗಿತ್ತು, ಎಷ್ಟು ಕುಡಿದಿರಿ, ಎಲ್ಲವೂ ಅಲ್ಲೇ ಇರಲಿ. "ಒಂದು ಬಿಯರ್" ಅಂತ ಸುಮ್ನೆ ಬರೆಯಬೇಡಿ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ! ಅಂದರೆ ಒಂದು ಬಾಟಲಿ ನಾಲ್ಕು ಸಣ್ಣ ಪೆಗ್‌ಗೆ ಸಮ. ಬಿಯರ್ ಲೈಟ್ ಅಂದುಕೊಂಡವರಿಗೆ ಈ ಲೆಕ್ಕ ನಾನು ಬಿಲ್ಲಿನ ಹಿಂದೆ ಬರೆದೇ ತೋರಿಸುತ್ತೇನೆ.

ಡೇಟ್ ತಪ್ಪಿದರೆ, ಗರ್ಭಿಣಿಯಾಗುವ ಸಾಧ್ಯತೆ ಇದ್ದವರು ಮೊದಲು ಪ್ರೆಗ್ನೆನ್ಸಿ ಕಿಟ್‌ನಲ್ಲಿ ನೋಡಿ. ಫಲಿತಾಂಶ ಗೊತ್ತಾಗುವವರೆಗೆ ಕುಡಿಯಬೇಡಿ. ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಮದ್ಯ ನೇರವಾಗಿ ಕುಗ್ಗಿಸುವುದಿಲ್ಲ. ಆದರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆ ಲೆಕ್ಕಕ್ಕಿಲ್ಲ, ಇನ್ನೊಂದು ತಗೊಳ್ಳಬೇಕು.

ಮೂರು ತಿಂಗಳು ಮುಟ್ಟಾಗದಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಕೂಡ ಕಾರಣವಿರಬಹುದು. ಕುಡಿಯುವ ವಿಷಯವನ್ನು ಅವರಿಗೆ ಮುಚ್ಚಿಡಬೇಡಿ, ದಯವಿಟ್ಟು.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಡಬಾರದು. ಕೈನಡುಕ, ಫಿಟ್ಸ್ ಬರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಮಾತಾಡಿ, ಡಾಕ್ಟರ ಸಲಹೆಯಂತೆ ಬಿಡಿ.