ಒಂದು ಕಿಲೋ ಬೂತಾಯಿಯಲ್ಲಿ ಕಡಲಿನ ಬಿಸಿ ಓದುವುದು ಹೇಗೆ?

ತುಮಕೂರಿಗೂ ಕಡಲಿಗೂ ನಡುವೆ ಘಟ್ಟವಿದೆ. ಆದರೂ ಮಂಗಳೂರು, ಮಲ್ಪೆ ಕಡೆಯಿಂದ ಐಸ್ ತುಂಬಿಕೊಂಡು ಹೊರಟ ಮೀನಿನ ಲಾರಿ ಒಂದು ರಾತ್ರಿಯಲ್ಲಿ ಇಲ್ಲಿಗೆ ಬಂದುಬಿಡುತ್ತದೆ. ಕಡಲು ಬಿಸಿಯಾದರೆ ಮೀನಿಗೆ ಏನಾಗುತ್ತದೆ ಎಂದು ತಿಳಿಯಲು ದೋಣಿ ಹತ್ತಬೇಕಾಗಿಲ್ಲ. ಒಂದು ಕಿಲೋ ಬೂತಾಯಿ (ಮತ್ತಿ, ಇಂಗ್ಲಿಷಿನ ಸಾರ್ಡೀನ್ ಮೀನು), ಒಂದು ಗ್ರಾಂವರೆಗೂ ತೋರಿಸುವ ಅಡುಗೆಮನೆಯ ತಕ್ಕಡಿ, ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲು, ಒಂದು ನೋಟ್‌ಬುಕ್ಕು ಇದ್ದರೆ ಸಾಕು. ತಿಂಗಳಿಗೊಂದು ಸಲದಂತೆ ಕನಿಷ್ಠ ಎರಡು ವರ್ಷ ಬರೆದಿಡುವ ತಾಳ್ಮೆ ಮಾತ್ರ ಬೇಕು.

ಬೂತಾಯಿಯೇ ಏಕೆಂದರೆ, ಅದರ ಊಟದ ಸರಪಳಿ ಬಹಳ ಗಿಡ್ಡ. ಕಡಲಿನ ಮೇಲ್ನೀರಿನಲ್ಲಿ ತೇಲುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಬೂತಾಯಿ ನೇರವಾಗಿ ಸೋಸಿ ತಿನ್ನುತ್ತದೆ. ಬೂತಾಯಿಯನ್ನು ಅಂಜಲ್ ಎಂಬ ದೊಡ್ಡ ಮೀನು ತಿನ್ನುತ್ತದೆ. ಒಂದೊಂದು ಮೆಟ್ಟಿಲಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂಬುದು ಒರಟು ಲೆಕ್ಕ. 100 ಕಿಲೋ ಪಾಚಿಗೆ 10 ಕಿಲೋ ಬೂತಾಯಿ, 1 ಕಿಲೋ ಅಂಜಲ್. ಪಾಚಿ ಕಮ್ಮಿಯಾದರೆ ಮೊದಲು ಸೊರಗುವುದು ಬೂತಾಯಿ. ಅದರ ಆಯುಸ್ಸೂ ಎರಡು-ಎರಡೂವರೆ ವರ್ಷವಷ್ಟೇ. ಹಾಗಾಗಿ ಒಂದು ಕೆಟ್ಟ ಮಳೆಗಾಲದ ಗುರುತು ಮುಂದಿನ ವರ್ಷದ ಬುಟ್ಟಿಯಲ್ಲೇ ಕಾಣುತ್ತದೆ.

ಮೊದಲು ಜಾತಿ ನೋಡಿ

ಅಂಗಡಿಯಲ್ಲಿ ‘ಮತ್ತಿ’, ‘ಬೂತಾಯಿ’ ಎಂದು ಕೊಡುವುದೆಲ್ಲ ಒಂದೇ ಜಾತಿಯಲ್ಲ. ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಎದ್ದು ಕಾಣುವ ಕಪ್ಪು ಚುಕ್ಕೆ, ಅದರ ಹಿಂದೆಯೇ ಮಾಸಲು ಹೊಂಬಣ್ಣದ ಮಚ್ಚೆ, ಮೈಗೆ ಹೋಲಿಸಿದರೆ ಉದ್ದನೆಯ ತಲೆ ಇದ್ದರೆ ಅದು ಎಣ್ಣೆ ಬೂತಾಯಿ. ಕಪ್ಪು ಚುಕ್ಕೆ ಬೆನ್ನಿನ ರೆಕ್ಕೆಯ ಬುಡದಲ್ಲಿದ್ದರೆ ಅದು ಬೇರೆ ಜಾತಿ. ಸಾರಿಗೆ ಅದೂ ಆದೀತು, ಲೆಕ್ಕಕ್ಕೆ ಬೇಡ. ಎರಡೂ ಬೆರೆತಿದ್ದರೆ ಬೇರ್ಪಡಿಸಿಯೇ ಮುಂದಕ್ಕೆ ಹೋಗಿ.

ಎಣಿಸಿ, ಅಳೆದು, ಭಾಗಿಸಿ

ಐಸ್ ನೀರು ಸೋರಲು ಹತ್ತು ನಿಮಿಷ ಜರಡಿಯಲ್ಲಿಡಿ. ಇಲ್ಲವಾದರೆ ತೂಕದಲ್ಲಿ ನೀರೂ ಸೇರುತ್ತದೆ. ಕಿಲೋಗೆ ಎಷ್ಟು ಮೀನು ಎಂದು ಎಣಿಸಿ. 30–35 ಬಂದರೆ ಒಂದೊಂದೂ ಹೆಚ್ಚುಕಮ್ಮಿ 15 ಸೆಂ.ಮೀ. ಇರುತ್ತದೆ. 20ರ ಆಸುಪಾಸಿದ್ದರೆ ಅವು ಬಲಿತ ಮೀನು. ನೂರು ದಾಟಿದರೆ 10 ಸೆಂ.ಮೀ. ಆಜುಬಾಜಿನ ಮರಿಗಳು; ಅದಕ್ಕಿಂತ ಚಿಕ್ಕ ಬೂತಾಯಿ ಹಿಡಿಯುವುದಕ್ಕೆ ಕೇರಳದಲ್ಲಿ ಕಾನೂನಿನ ತಡೆಯಿದೆ.

ನಂತರ ಒಂದೇ ಅಳತೆಯ ಹತ್ತು ಮೀನು ಆರಿಸಿ. ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಿರಿ. ಬೂತಾಯಿ ಪ್ರಾಯಕ್ಕೆ ಬರುವುದು ಸುಮಾರು 15 ಸೆಂ.ಮೀ.ಗೆ, ಅಂದರೆ ಸ್ಕೇಲಿನಷ್ಟೇ ಉದ್ದವಾದಾಗ. ಹತ್ತನ್ನೂ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಒಂದೇ ಮೀನು ತೂಗಿದರೆ ಅಡುಗೆಮನೆಯ ತಕ್ಕಡಿಯ ತಪ್ಪೇ ದೊಡ್ಡದಾಗಿಬಿಡುತ್ತದೆ.

ಈಗ ಗ್ರಾಂ ತೂಕವನ್ನು 100ರಿಂದ ಗುಣಿಸಿ, ಸೆಂ.ಮೀ. ಉದ್ದದ ಘನದಿಂದ ಭಾಗಿಸಿ. ಸಿಗುವುದು ಮೀನು ಎಷ್ಟು ಮೈತುಂಬಿಕೊಂಡಿದೆ ಎನ್ನುವ ಅಂಕಿ. 15 ಸೆಂ.ಮೀ. ಮೀನು 30 ಗ್ರಾಂ ಇದ್ದರೆ 3000 ಭಾಗಿಸು 3375, ಅಂದರೆ 0.89. ಅದೇ ಉದ್ದದ ಮೀನು 25 ಗ್ರಾಂಗೆ ಇಳಿದಿದ್ದರೆ 0.74, ಮೈಯಲ್ಲಿ ಕಸುವಿಲ್ಲ. ಮೊಟ್ಟೆ ಇಡುವ ಮಳೆಗಾಲದಲ್ಲಿ ಕೊಬ್ಬು ಕರಗುವುದು, ಮಳೆ ಮುಗಿದ ಮೇಲೆ ತಿಂದು ಮತ್ತೆ ಏರುವುದು ಸಹಜ. ಆದ್ದರಿಂದ ಡಿಸೆಂಬರ್ ಅಂಕಿಯನ್ನು ಡಿಸೆಂಬರ್ ಜೊತೆಗೇ ಹೋಲಿಸಿ. ಅಂಕಿ ಬೇಡವೆನ್ನುವವರು ಎರಡು ಮೀನನ್ನು ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಡಲಿ. ಕೊಬ್ಬಿದ ಬೂತಾಯಿ ತನ್ನ ಎಣ್ಣೆಯಲ್ಲೇ ಬೇಯುತ್ತದೆ, ಬಡಕಲು ಮೀನು ತಳ ಹಿಡಿಯುತ್ತದೆ.

ಹೊಟ್ಟೆಯೊಳಗೆ

ಕಿವಿರು ಎತ್ತಿದರೆ ಕೆಂಪು ಎಸಳುಗಳ ಒಳಬದಿಯಲ್ಲಿ ಹೇನು ಬಾಚಣಿಗೆಯಂತೆ ಒತ್ತೊತ್ತಾದ ಹಲ್ಲು ಕಾಣುತ್ತವೆ. ಅದೇ ಅದರ ಜರಡಿ. ಹೊಟ್ಟೆ ಸೀಳಿದಾಗ ಒಳಗಿನ ಲೋಳೆ ಹಸಿರು ಬೆರೆತ ಕಂದಾಗಿದ್ದರೆ ಪಾಚಿ ತಿಂದಿದೆ. ಹರಳು ಹರಳಾಗಿ ನಸುಗೆಂಪಾಗಿದ್ದರೆ ಸಣ್ಣ ಸಿಗಡಿಯಂಥ ಜೀವಿಗಳನ್ನು ತಿಂದಿರಬಹುದು. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಹನಿಯನ್ನು 400 ಪಟ್ಟು ಹಿಗ್ಗಿಸಿ ನೋಡಿ: ಗಾಜಿನ ಡಬ್ಬಿಗಳಂಥ ಡಯಾಟಮ್ ಚಿಪ್ಪುಗಳು ಕಂಡಾವು. ಮೀನು ಮೆತ್ತಗಾಗಿದ್ದರೆ ಈ ಹಂತ ಬಿಟ್ಟುಬಿಡಿ. ಹಳಸಿದ ಮೀನಿನ ಹೊಟ್ಟೆ ತನ್ನನ್ನೇ ಅರಗಿಸಿಕೊಂಡಿರುತ್ತದೆ.

ಲೋಟದಲ್ಲಿ ಕಡಲು

ಪಾಚಿ ಯಾಕೆ ಕಮ್ಮಿಯಾಗುತ್ತದೆ? ಗಾಜಿನ ಲೋಟಕ್ಕೆ ಅರ್ಧ ಫ್ರಿಜ್ ನೀರು ಹಾಕಿ, ಎರಡು ಹನಿ ನೀಲಿ ಇಂಕು ಬೆರೆಸಿ. ಅದರ ಮೇಲೆ ಸ್ನಾನದ ನೀರಿನಷ್ಟು ಬಿಸಿನೀರನ್ನು ಚಮಚದ ಬೆನ್ನಿನ ಮೇಲಿಂದ ತೆಳುವಾಗಿ ಇಳಿಬಿಡಿ. ಸುರಿದರೆ ಕೆಟ್ಟಿತು, ಎಲ್ಲ ಕಲಸಿಹೋಗುತ್ತದೆ. ಸರಿಯಾಗಿ ಮಾಡಿದರೆ ನೀಲಿ ತಳದಲ್ಲೇ ನಿಲ್ಲುತ್ತದೆ. ಮೇಲಿನಿಂದ ಊದಿದರೂ ಏಳುವುದಿಲ್ಲ. ಇನ್ನೊಂದು ಲೋಟದಲ್ಲಿ ಮೇಲೂ ಕೆಳಗೂ ನಲ್ಲಿ ನೀರನ್ನೇ ಬಳಸಿ. ಅಷ್ಟೇ ನಿಧಾನವಾಗಿ ಇಳಿಬಿಟ್ಟರೂ ಬಣ್ಣ ಬೇಗ ಹರಡಿಕೊಳ್ಳುತ್ತದೆ.

ಆ ನೀಲಿಯನ್ನು ಗೊಬ್ಬರ ಎಂದುಕೊಳ್ಳಿ. ನೈಟ್ರೇಟ್, ಫಾಸ್ಫೇಟ್, ಡಯಾಟಮ್ ಚಿಪ್ಪಿಗೆ ಬೇಕಾದ ಸಿಲಿಕೇಟ್ ಎಲ್ಲವೂ ಆಳದ ತಣ್ಣೀರಿನಲ್ಲಿವೆ. ಮುಂಗಾರಿನ ಗಾಳಿ ಕರಾವಳಿಯ ಮೇಲ್ನೀರನ್ನು ದಡದಿಂದಾಚೆ ತಳ್ಳಿದಾಗ ಆ ಜಾಗಕ್ಕೆ ಆಳದ ನೀರು ಏರುತ್ತದೆ, ಪಾಚಿ ಹುಲುಸಾಗುತ್ತದೆ. ಮೇಲಿನ ಪದರ ಬಿಸಿಯಾದಷ್ಟೂ ಹಗುರಾಗಿ ಮುಚ್ಚಳದಂತೆ ಕೂರುತ್ತದೆ. ಉಷ್ಣವಲಯದ ಹಿಂದೂ ಮಹಾಸಾಗರ 1950ರಿಂದ 2020ರ ನಡುವೆ ಶತಮಾನಕ್ಕೆ ಸುಮಾರು 1.2 ಡಿಗ್ರಿಯ ವೇಗದಲ್ಲಿ ಬಿಸಿಯಾಗಿದೆ. ಅದರ ಪಶ್ಚಿಮ ಭಾಗದಲ್ಲಿ ಆರು ದಶಕಗಳಲ್ಲಿ ಸಸ್ಯ ಪ್ಲವಕ (ಡಯಾಟಮ್‌ನಂಥ ತೇಲುವ ಸೂಕ್ಷ್ಮ ಪಾಚಿ) ಶೇ 20ರವರೆಗೆ ಕುಸಿದಿರುವುದನ್ನು 2016ರ ಅಧ್ಯಯನವೊಂದು ತೋರಿಸಿತು. ಲೋಟದಲ್ಲಿ ಕಾಣದ್ದು ಆಮ್ಲಜನಕ: ಒಂದು ಲೀಟರ್ ಕಡಲ ನೀರು 20 ಡಿಗ್ರಿಯಲ್ಲಿ ಸುಮಾರು 7.4 ಮಿ.ಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ 6.2 ಮಾತ್ರ. ಬಿಸಿಗೆ ಮೀನಿನ ಉಸಿರಾಟವೂ ಜೋರಾಗುತ್ತದೆ. ಖರ್ಚು ಹೆಚ್ಚಿ ಆದಾಯ ಇಳಿದಂತೆ. ಬಂಗುಡೆ ಉತ್ತರಕ್ಕೂ ಆಳಕ್ಕೂ ಸರಿದು, ತಳ ಗೋರುವ ಟ್ರಾಲ್ ಬಲೆಗೆ ಹಿಂದಿಗಿಂತ ಹೆಚ್ಚು ಬೀಳುತ್ತಿರುವುದನ್ನು ಇದರ ಜೊತೆಗೇ ಇಟ್ಟು ನೋಡಬೇಕು.

ಎಡವುವುದು ಎಲ್ಲಿ

ಮೀನು ಸಣ್ಣದಾದ ಕೂಡಲೇ ‘ಹವಾಮಾನ ಬದಲಾವಣೆ’ ಎನ್ನುವುದು ಈಗಿನ ಚಟ. ಮಳೆಗಾಲ ಮುಗಿದ ಮೇಲೆ ಬುಟ್ಟಿಯಲ್ಲಿ ಮರಿಗಳು ಹೆಚ್ಚಿರುವುದು ಮಾಮೂಲು. ಒಂದೇ ವರ್ಷ ಮರಿಗಳು ವಿಪರೀತ ಹುಟ್ಟಿದರೂ ಮೇವು ಹಂಚಿಹೋಗಿ ಬೆಳವಣಿಗೆ ಕುಂಠಿತವಾಗುತ್ತದೆ. ಸಣ್ಣ ಕಣ್ಣಿನ ಬಲೆಯ ಪಾಲೂ ಉಂಟು. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರವಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಬಿದ್ದಿತು. ಆ ಕುಸಿತದ ಹಿಂದೆ 2015–16ರ ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ನೀರು ಆಗಾಗ ವಿಪರೀತ ಬಿಸಿಯಾಗುವ ವಿದ್ಯಮಾನ) ಬಿಸಿಯೂ ಇತ್ತು, ಮಿತಿಮೀರಿ ಹಿಡಿದದ್ದೂ ಇತ್ತು. ಕಿಲೋಗೆ ಎಣಿಕೆ ಒಂದನ್ನೇ ನೋಡಿದರೆ ಇವು ಬೇರ್ಪಡುವುದಿಲ್ಲ. ಎಣಿಕೆ ಏರಿ, 0.89ರಂಥ ಅಂಕಿಯೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಇಳಿದಿದ್ದರೆ ಮೇವಿನ ಕೊರತೆಯನ್ನು ಶಂಕಿಸಬಹುದು. ಎಣಿಕೆ ಏರಿಯೂ ಅಂಕಿ ನಿಂತಲ್ಲೇ ಇದ್ದರೆ ಮರಿ ಹಿಡಿದು ತಂದಿದ್ದಾರೆ ಅಷ್ಟೇ.

ಮೀನು ಬಂದ ಊರನ್ನು ಮಾರುವವರ ಹತ್ತಿರ ಕೇಳಿ ಬರೆದುಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಜುಲೈನಲ್ಲಿ ತುಮಕೂರಿಗೆ ಬರುವ ಬೂತಾಯಿ ಬಂಗಾಳ ಕೊಲ್ಲಿಯದೋ ಫ್ರೀಜರಿನದೋ ಆಗಿರುವ ಸಾಧ್ಯತೆ ಹೆಚ್ಚು. ಕೋಲಾರದವರಿಗಂತೂ ಮಂಗಳೂರಿಗಿಂತ ಚೆನ್ನೈ ಹತ್ತಿರ. ಕೊಲ್ಲಿಯಲ್ಲಿ ನದಿಗಳ ಸಿಹಿನೀರು ಮೇಲೆ ಹಾಸಿಕೊಂಡಿರುವುದರಿಂದ ಅಲ್ಲಿನ ಲೆಕ್ಕವೇ ಬೇರೆ. ನೋಟ್‌ಬುಕ್ಕಿನಲ್ಲಿ ಎರಡು ಕಡಲಿಗೆ ಎರಡು ಪುಟ ಇರಲಿ.