ಕಾಲು ಗಂಟೆಯ ಹಕ್ಕಿಪಟ್ಟಿ: ಸಂಶೋಧನೆಗೆ ಒದಗುವಂತೆ ಬರೆದಿಡುವ ಕ್ರಮ

ಅಪರೂಪದ ಹಕ್ಕಿಯೊಂದರ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಮೆಚ್ಚುಗೆ ಧಾರಾಳವಾಗಿ ಸಿಗುತ್ತದೆ, ಸಂಶೋಧಕರಿಗೆ ಮಾತ್ರ ಅದರಿಂದ ದಕ್ಕುವುದು ಕಡಿಮೆ. ಅದೇ ವ್ಯಕ್ತಿ ಮನೆಯ ಮುಂದಿನ ಬೀದಿಯಲ್ಲಿ ಕಾಲು ಗಂಟೆ ನಿಂತು, ಕಣ್ಣಿಗೆ ಬಿದ್ದ ಕಾಗೆ, ಪಾರಿವಾಳ, ಗೊರವಂಕಗಳನ್ನೆಲ್ಲ ಎಣಿಸಿ, ಎಲ್ಲಿ, ಯಾವಾಗ, ಎಷ್ಟು ಹೊತ್ತು ನೋಡಿದ್ದು ಎಂಬುದನ್ನೂ ಸೇರಿಸಿ ದಾಖಲಿಸಿದರೆ ಆ ಪಟ್ಟಿ ವಿಜ್ಞಾನದ ಲೆಕ್ಕಕ್ಕೆ ಬರುತ್ತದೆ. ಇಂಥ ಪಟ್ಟಿಗಳನ್ನು ಸಂಗ್ರಹಿಸುವ ಇಬರ್ಡ್ ಎಂಬ ಜಾಲತಾಣವನ್ನು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವು ಪಕ್ಷಿಸಂರಕ್ಷಣಾ ಸಂಸ್ಥೆಯಾದ ಆಡುಬಾನ್ ಸೊಸೈಟಿಯ ಜೊತೆಗೂಡಿ 2002ರಲ್ಲಿ ಆರಂಭಿಸಿತು. ಅದರ ಆ್ಯಪ್ ಉಚಿತವಾಗಿದ್ದು, ಒಮ್ಮೆ ಖಾತೆ ತೆರೆದರೆ ಸಾಕು.

ಮೊದಲು ತಿಳಿದಿರಬೇಕಾದದ್ದು ‘ಸಂಪೂರ್ಣ ಪಟ್ಟಿ’ ಎಂದರೇನು ಎಂಬುದು. ಪಟ್ಟಿಯನ್ನು ಸಲ್ಲಿಸುವಾಗ, ನೀವು ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ ಇದರಲ್ಲಿ ಬರೆದಿದ್ದೀರಾ ಎಂದು ಆ್ಯಪ್ ಕೇಳುತ್ತದೆ. ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹೊತ್ತಿನಲ್ಲಿ ನಿಮಗೆ ಕಾಣಲೂ ಇಲ್ಲ, ಕೇಳಿಸಲೂ ಇಲ್ಲ ಎಂದಾಯಿತು. ಈ ‘ಇಲ್ಲ’ಕ್ಕೆ ಬೆಲೆಯಿದೆ. ಒಂದು ಜಿಲ್ಲೆಯಿಂದ ಬಂದ ನೂರು ಸಂಪೂರ್ಣ ಪಟ್ಟಿಗಳಲ್ಲಿ ನೀಲಕಂಠ ಹಿಂದೆ ಮೂವತ್ತರಲ್ಲಿದ್ದು ಈಗ ಹದಿನೈದರಲ್ಲಷ್ಟೇ ಇದ್ದರೆ ಅದು ವಿರಳವಾಗುತ್ತಿದೆ ಎಂದು ಊಹಿಸಲು ಆಧಾರ ಸಿಗುತ್ತದೆ. ಕಾಗೆಯನ್ನೇನು ಬರೆಯುವುದು ಎಂದು ಬಿಟ್ಟು, ಕಂಡ ಸೊಗಸಾದ ಹಕ್ಕಿಗಳನ್ನಷ್ಟೇ ಬರೆದು, ಆಮೇಲೆ ಹೌದು ಎಂದು ಒತ್ತಿದರೆ ಈ ಲೆಕ್ಕವೇ ಕೆಡುತ್ತದೆ.

ನೀಲಕಂಠದ ಹೆಸರನ್ನು ಸುಮ್ಮನೆ ಎತ್ತಲಿಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ಊರಾಚೆಯ ತಂತಿಗಳ ಮೇಲೆ ಸಾಮಾನ್ಯವೆಂದು ನಾವು ನಂಬಿದ್ದ ನಮ್ಮ ರಾಜ್ಯಪಕ್ಷಿಯ ಸಂಖ್ಯೆ ಇಳಿಯುತ್ತಿದೆ, ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕು ಎಂದು ಆ ವರದಿ ಹೇಳಿತು. ‘ಇದು ಹೇಗೂ ಇರುತ್ತದೆ’ ಎಂದು ಬರೆಯದೆ ಬಿಡುವ ಹಕ್ಕಿಯನ್ನೇ ಮೊದಲು ಬರೆಯಬೇಕು ಎಂದು ನಾನು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ.

ಇನ್ನು ಕ್ರಮಕ್ಕೆ ಬರೋಣ. ಬೆಳಗಿನ ಹೊತ್ತು ಒಳ್ಳೆಯದು, ಆದರೆ ಕಡ್ಡಾಯವಲ್ಲ. ಆ್ಯಪಿನಲ್ಲಿ ಪಟ್ಟಿಯನ್ನು ಆರಂಭಿಸಿದ ಕ್ಷಣದಿಂದ ಸಮಯ ಓಡತೊಡಗುವುದರಿಂದ, ಚಹಾ ಕುಡಿಯುತ್ತ ಆರಂಭಿಸಿ ಅರ್ಧ ಗಂಟೆಯ ಮೇಲೆ ಕಿಟಕಿಯತ್ತ ನೋಡುವುದು ಸಲ್ಲದು. ನೋಡಲು ನಿಂತ ಮೇಲೆಯೇ ಆರಂಭಿಸಿ, ನೋಡುವುದನ್ನು ಬಿಟ್ಟ ಕೂಡಲೇ ನಿಲ್ಲಿಸಿ. ಹದಿನೈದು ನಿಮಿಷ ಸಾಕು. ಸುಮಾರು 30 ಮೀಟರಿನೊಳಗೇ ಇದ್ದರೆ ಒಂದೆಡೆ ನಿಂತು ನೋಡಿದ ಪಟ್ಟಿ, ಅದಕ್ಕಿಂತ ಹೆಚ್ಚು ನಡೆದರೆ ಸಂಚಾರದ ಪಟ್ಟಿ ಎಂದು ನಮೂದಿಸಬೇಕು. ಹೋದ ದಾರಿಯಲ್ಲೇ ಹಿಂದಿರುಗಿದರೆ ಒಂದು ಬದಿಯ ದೂರವನ್ನಷ್ಟೇ ಬರೆಯಬೇಕು. ಮೊಬೈಲು ಎರಡೂ ಬದಿಯನ್ನು ಕೂಡಿಸಿ ತೋರಿಸುವುದರಿಂದ ಇದನ್ನು ನಾವೇ ತಿದ್ದಬೇಕು. ಹಳಬರೂ ಇಲ್ಲಿ ಎಡವುವುದುಂಟು. ಕೆರೆ, ಗದ್ದೆ, ತೋಟಗಳನ್ನೆಲ್ಲ ಸುತ್ತಿ ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡುವ ಬದಲು ಒಂದೊಂದು ತಾಣಕ್ಕೂ ಬೇರೆ ಬೇರೆ ಚಿಕ್ಕ ಪಟ್ಟಿ ಮಾಡಿ, ಏಕೆಂದರೆ ಯಾವ ಹಕ್ಕಿ ಎಂಥ ನೆಲೆಯಲ್ಲಿತ್ತು ಎಂಬುದು ಆಗ ಮಾತ್ರ ತಿಳಿಯುತ್ತದೆ.

ಎಣಿಸುವುದೇ ಹೆಚ್ಚಿನವರಿಗೆ ತೊಡಕು. ನೆರೆಮನೆಯ ಸಂಪಿಗೆ ಮರದಲ್ಲಿ ಎರಡು ಪಿಕಳಾರ ಕುಳಿತಿವೆ, ಹಾರಿಹೋಗುತ್ತವೆ, ಐದು ನಿಮಿಷದ ಮೇಲೆ ಮತ್ತೆ ಎರಡು ಬರುತ್ತವೆ ಎಂದಿಟ್ಟುಕೊಳ್ಳಿ. ಅವೇ ಹಿಂದಿರುಗಿದವು ಎನಿಸಿದರೆ ಎರಡು ಎಂದೇ ಬರೆಯಿರಿ; ಮೊದಲಿನವು ಇನ್ನೂ ಕೂಗುತ್ತಿರುವಾಗಲೇ ಬೇರೆ ದಿಕ್ಕಿನಿಂದ ಬಂದಿದ್ದರೆ ನಾಲ್ಕು. ಸಂಜೆ ಗಿಳಿಗಳ ಹಿಂಡು ಹಾದುಹೋದಾಗ ಹತ್ತನ್ನು ಎಣಿಸಿ, ಅಷ್ಟು ಗಾತ್ರದ ಗುಂಪುಗಳು ಎಷ್ಟಿವೆ ಎಂದು ಅಂದಾಜು ಮಾಡಿ. ಸಂಖ್ಯೆ ಹೇಳಲು ಸಾಧ್ಯವೇ ಇಲ್ಲದಿದ್ದಾಗ ‘ಎಕ್ಸ್’ ಗುರುತು ಹಾಕಬಹುದಾದರೂ ಎಚ್ಚರದ ಅಂದಾಜು ಅದಕ್ಕಿಂತ ಎಷ್ಟೋ ಮೇಲು. ಕಾಣದೆ ದನಿಯಷ್ಟೇ ಕೇಳಿಸಿದ ಕೋಗಿಲೆಯೂ ಲೆಕ್ಕಕ್ಕೆ ಸೇರುತ್ತದೆ.

ಗುರುತು ಹಿಡಿಯಲಾಗದಿದ್ದರೆ ಹೆಸರನ್ನು ಊಹಿಸಬೇಡಿ. ಕತ್ತು ಬೂದಿಯಾಗಿದ್ದರೆ ಊರುಕಾಗೆ, ಮೈಯೆಲ್ಲ ಕಪ್ಪಾಗಿ ಕೊಕ್ಕು ದಪ್ಪಗಿದ್ದರೆ ಕಾಡುಕಾಗೆ. ಕತ್ತಲಲ್ಲಿ ಎರಡೂ ತಿಳಿಯದಿದ್ದರೆ ‘ಕಾಗೆ, ಪ್ರಭೇದ ತಿಳಿದಿಲ್ಲ’ ಎಂದು ದಾಖಲಿಸಲು ಆ್ಯಪಿನಲ್ಲೇ ಅವಕಾಶವಿದೆ. ದನಿ ಕೇಳಿ ಹೆಸರು ಸೂಚಿಸುವ ಮರ್ಲಿನ್ ಆ್ಯಪ್ ಕಲಿಯುವವರಿಗೆ ಒಳ್ಳೆಯ ಜೊತೆಗಾರ, ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣಾರೆ ನೋಡದೆ, ಕಿವಿಯಾರೆ ಕೇಳದೆ ಪಟ್ಟಿಗೆ ಏರಿಸುವುದು ಸರಿಯಲ್ಲ. ಆ ಊರಿಗೆ ಅಥವಾ ಆ ಋತುವಿಗೆ ಅಸಹಜವಾದ ದಾಖಲೆಯನ್ನು ಸ್ಥಳೀಯ ಸ್ವಯಂಸೇವಕ ಪರಿಶೀಲಕರು ನೋಡಿ, ಬೇಕಾದರೆ ಮಿಂಚಂಚೆಯಲ್ಲಿ ವಿವರ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯದೆ, ಬಣ್ಣ, ಗಾತ್ರ, ವರ್ತನೆಗಳನ್ನು ನೆನಪಿದ್ದಷ್ಟು ಬರೆದು ಉತ್ತರಿಸಿ. ದಾಖಲೆ ದೃಢಪಡದಿದ್ದರೂ ಅದು ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ದತ್ತಾಂಶಕ್ಕೆ ಮಾತ್ರ ಸೇರುವುದಿಲ್ಲ. ಗೂಡಿನ ಹತ್ತಿರ ಹೋಗುವುದು, ಧ್ವನಿಮುದ್ರಣ ನುಡಿಸಿ ಹಕ್ಕಿಯನ್ನು ಕರೆಯುವುದು ಯಾವ ಪಟ್ಟಿಗಾಗಿಯೂ ಬೇಡ.

ಒಬ್ಬರೇ ಆರಂಭಿಸಲು ಅಳುಕಿದ್ದರೆ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿಗಣತಿಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಒಳ್ಳೆಯ ಸಂದರ್ಭ. ಭಾರತದಲ್ಲಿ ಪಕ್ಷಿವೀಕ್ಷಕ ಸಂಘಟನೆಗಳ ಒಕ್ಕೂಟವಾದ ಬರ್ಡ್ ಕೌಂಟ್ ಇಂಡಿಯಾ ಅದನ್ನು ಸಂಘಟಿಸುತ್ತದೆ, ಕಾಲೇಜು ಆವರಣಗಳೂ ಪಾಲ್ಗೊಳ್ಳುತ್ತವೆ. ಆದರೂ ವರ್ಷಕ್ಕೊಮ್ಮೆ ಉತ್ಸಾಹದಿಂದ ಹತ್ತು ಪಟ್ಟಿ ಮಾಡುವುದಕ್ಕಿಂತ ಒಂದೇ ಜಾಗದಲ್ಲಿ ವಾರಕ್ಕೊಂದರಂತೆ ಮಾಡುವುದು ಹೆಚ್ಚು ಉಪಯುಕ್ತ. ವಲಸೆ ಹಕ್ಕಿಗಳು ಬರುವ, ಹೋಗುವ ವಾರಗಳು ಅಂಥ ಸರಣಿಯಲ್ಲಿ ಮಾತ್ರ ಎದ್ದು ಕಾಣುತ್ತವೆ.

ಹಳೆಯ ಟಿಪ್ಪಣಿ ಪುಸ್ತಕವಿರುವವರು ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ದಿನಾಂಕ ಮತ್ತು ಸ್ಥಳ ತಿಳಿದಿದ್ದು ಸಮಯ, ಅವಧಿ ತಿಳಿಯದ ಪಟ್ಟಿಗಳನ್ನು ‘ಐತಿಹಾಸಿಕ’ ಎಂಬ ವರ್ಗದಲ್ಲಿ ಸೇರಿಸಬಹುದು. 2000ಕ್ಕೂ ಹಿಂದಿನ ಇಂಥ ದಾಖಲೆಗಳು ನಮ್ಮ ದೇಶದಲ್ಲಿ ಬಹಳ ಕಡಿಮೆಯಿರುವುದರಿಂದ, ಅನೇಕ ಹಕ್ಕಿಗಳ ದೀರ್ಘಕಾಲದ ಏರಿಳಿತವನ್ನು ಹೇಳಲು ಸಂಶೋಧಕರಿಗೆ ಈಗಲೂ ಸಾಕಷ್ಟು ಆಧಾರವಿಲ್ಲ.