ಮದಕದೊಳಗಿನ ಗಿಡ ಎಣಿಸುವಾಗ ಕಣ್ಣು ತಪ್ಪುವುದೆಲ್ಲಿ?

ಕಾಸರಗೋಡಿನ ಕಡೆ ಮದಕವಿರಲಿ (ಮಳೆನೀರು ತಡೆದು ನಿಲ್ಲಿಸುವ ಹೊಂಡ), ಕೆರೆಯಿರಲಿ, ನೀರಿನಡಿ ಬೆಳೆದದ್ದೆಲ್ಲ ಬಾಯಿಮಾತಿಗೆ ಪಾಚಿಯೇ. ಎಣಿಸಲು ಇಳಿದವರ ತಪ್ಪೂ ಅಲ್ಲಿಂದಲೇ ಶುರು. ಒಂದೇ ದಿನ ಒಂದೇ ಜಾಗ ನೋಡಿದ ಇಬ್ಬರ ಪಟ್ಟಿ ತಾಳೆಯಾಗುವುದು ಅಪರೂಪ. ಆ ವ್ಯತ್ಯಾಸವನ್ನು ಅಳೆದಿಟ್ಟುಕೊಳ್ಳಬೇಕು.

ಮೊದಲು ನೀರಿನ ತಳದಲ್ಲಿಟ್ಟು ಅದರೊಳಗಿನ ಗಿಡ ಎಣಿಸಲು, ಪಿವಿಸಿ ಪೈಪಿನಲ್ಲಿ ಪ್ರತಿ ಬದಿಯ ಒಳಅಳತೆ 50 ಸೆಂ.ಮೀ. ಇರುವ ಚೌಕಟ್ಟು ಮಾಡಿ. ಪೈಪಿಗೆ ಅಲ್ಲಲ್ಲಿ ತೂತು ಕೊರೆಯದಿದ್ದರೆ ಗಾಳಿ ನಿಂತು ಅದು ತೇಲುತ್ತದೆ. ಉದ್ದಕ್ಕೂ ಅಡ್ಡಕ್ಕೂ 10 ಸೆಂ.ಮೀ.ಗೊಂದರಂತೆ ನೈಲಾನ್ ದಾರ ಬಿಗಿದರೆ 25 ಮನೆ. ಗಿಡ ಒಂದು ಮನೆ ತುಂಬಿದರೆ ಚೌಕಟ್ಟಿನ ಶೇ 4. ‘ಸುಮಾರು ಅರ್ಧ’ ಎಂಬ ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು. ಮಾಸ್ಕ್ ಹಾಕಿದವರಿಗೆ ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಎತ್ತರ ಬರೆಯುವಾಗ ಸ್ಕೇಲನ್ನು ಗಿಡಕ್ಕೆ ತಾಗಿಸಿಯೇ ಓದಿ, ಸ್ಕೇಲೂ ಅಷ್ಟೇ ಹಿಗ್ಗಿರುತ್ತದೆ.

ಕೆಸರು ದೊಡ್ಡ ಶತ್ರು. ಮೊದಲನೆಯವರು ಕಲಕಿದ ನೀರಿನಲ್ಲಿ ಎರಡನೆಯವರು ನೋಡಿದರೆ ಅವರ ಪಟ್ಟಿ ಗಿಡ್ಡವಾಗುತ್ತದೆ, ಕಣ್ಣಿನ ದೋಷದಿಂದಲ್ಲ. ಆದ್ದರಿಂದ ಮಣ್ಣು ತಳಕ್ಕೆ ಕೂರುವವರೆಗೆ ಕಾಯಿರಿ. ಚೌಕಟ್ಟಿನಿಂದ ಚೌಕಟ್ಟಿಗೆ ಸರದಿ ಬದಲಿಸಿ. ಇಬ್ಬರೂ ಮಾತಾಡದೆ ಬರೆಯಬೇಕು. ‘ಅದು ಹೈಡ್ರಿಲ್ಲಾ ಅಲ್ವಾ?’ ಎಂದು ಒಬ್ಬರು ಗಿಡವೊಂದರ ಹೆಸರು ಅಂದರೆ ಮುಗಿಯಿತು, ಇಬ್ಬರ ತಪ್ಪೂ ಒಂದೇ ಆಗುತ್ತದೆ.

ಹೆಸರು ಗೊಂದಲವಾದರೆ ಒಂದು ತುಂಡನ್ನು ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಹರಡಿ. ಹೈಡ್ರಿಲ್ಲಾದ ಎಲೆಗಳು ಕಾಂಡದ ಸುತ್ತ ಗುಂಪಾಗಿದ್ದು, ಅಂಚು ಗರಗಸದಂತಿರುತ್ತದೆ. ಸೆರಟೊಫಿಲ್ಲಂನ ಎಲೆ ಕವಲೊಡೆದಿರುತ್ತದೆ, ಬೇರೇ ಇರುವುದಿಲ್ಲ. ಬೆರಳಿಗೆ ಒರಟಾಗಿ, ಹಿಸುಕಿದಾಗ ಬೆಳ್ಳುಳ್ಳಿಯಂತೆ ನಾತ ಬಂದರೆ ಅದು ಕಾರಾ, ನಿಜವಾದ ಪಾಚಿ! ಹೈಡ್ರಿಲ್ಲಾದ ನಡುವೆ ಅವಿತ ನಜಾಸ್ ಎಂಬ ಸಣ್ಣ ಗಿಡ ಸುಲಭವಾಗಿ ತಪ್ಪಿಹೋಗುತ್ತದೆ.

ಆಳದಲ್ಲಿ ಹಗ್ಗ ಕಟ್ಟಿದ ಕುಂಟೆ ಎಸೆಯುವುದುಂಟು. ಸೆರಟೊಫಿಲ್ಲಂ ಹಲ್ಲಿಗೆ ಸಿಕ್ಕಿಕೊಂಡು ರಾಶಿ ಬರುತ್ತದೆ, ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ ಜಾರಿಹೋಗುತ್ತದೆ. ಕುಂಟೆಯ ಲೆಕ್ಕವನ್ನು ಚೌಕಟ್ಟಿನದಕ್ಕೆ ಬೆರೆಸಬೇಡಿ.

ಇನ್ನು ಲೆಕ್ಕ. ಒಬ್ಬರಿಗೆ 8 ಜಾತಿ, ಇನ್ನೊಬ್ಬರಿಗೆ 9, ಇಬ್ಬರಿಗೂ ಕಂಡದ್ದು 6 ಎಂದುಕೊಳ್ಳಿ. ಮೊದಲನೆಯವರಿಗೆ ಮಾತ್ರ ಕಂಡದ್ದು 2, ಎರಡನೆಯವರಿಗೆ ಮಾತ್ರ 3. ಒಟ್ಟು 5ನ್ನು 17ರಿಂದ (8+9) ಭಾಗಿಸಿದರೆ ಸುಮಾರು ಶೇ 29. ಗಿಡ ಒಂದೂ ಅಲುಗಾಡದೆ ಪಟ್ಟಿಯಲ್ಲಿ ಹುಟ್ಟಿದ ಬದಲಾವಣೆ ಇದು. ಮುಂದಿನ ವರ್ಷದ ಪಟ್ಟಿಯನ್ನು ಈ ವರ್ಷದ್ದರ ಜೊತೆ ಇದೇ ರೀತಿ ಲೆಕ್ಕ ಹಾಕಿದಾಗಲೂ ಶೇ 29ರ ಒಳಗೇ ಬಂದರೆ, ‘ಮದಕದ ಗಿಡಗಳು ಬದಲಾದವು’ ಎಂದು ವರದಿ ಬರೆಯಲು ಆಧಾರವಿಲ್ಲ.